ಜಾಲದೊಳಗಿನ ಅರಳಿಕಟ್ಟೆ

ಚನ್ನಗಿರಿ ತಾಲ್ಲೂಕಿನಲ್ಲಿ ಗುಡ್ಡಗಳ ನಡುವೆ ಹರಡಿಕೊಂಡಿರುವ ಶಾಂತಿಸಾಗರವನ್ನು ಮೊದಲ ಬಾರಿಗೆ ಕಂಡವರು ಅದರ ವಿಸ್ತಾರಕ್ಕೆ ಬೆರಗಾಗದೆ ಇರಲಾರರು. ಸೂಳೆಕೆರೆಯೆಂದು ಜನರ ಬಾಯಲ್ಲಿ ಹೆಸರಾದ ಈ ಜಲಾಶಯವನ್ನು ಶತಮಾನಗಳ ಹಿಂದೆ ಶಾಂತವ್ವೆಯೆಂಬ ಮಹಿಳೆ ಕಟ್ಟಿಸಿದಳೆಂದು ಐತಿಹ್ಯವಿದೆ. ಅದರ ನೀರು ಸುತ್ತಣ ಗದ್ದೆ ತೋಟಗಳನ್ನು ತಣಿಸುವುದಲ್ಲದೆ ದೂರದ ಚಿತ್ರದುರ್ಗದವರ ಬಾಯಾರಿಕೆಯನ್ನೂ ನೀಗಿದೆ. ಕಟ್ಟಿಸಿದವಳ ಹೆಸರನ್ನು ಜನ ಮರೆತಿಲ್ಲ. ಆದರೆ ಇಂಥ ಕೆರೆಗಳ ಏರಿಯಲ್ಲಿ ಬಿರುಕು ಕಂಡಾಗ ಮಣ್ಣು ಹೊತ್ತವರು, ತೂಬಿನ ಬಾಯಿಗೆ ಸಿಕ್ಕಿದ ಕಸವನ್ನು ಕಿತ್ತವರು, ಬೇಸಿಗೆಯಲ್ಲಿ ಹೂಳೆತ್ತಿದವರು, ಸರದಿ ತಪ್ಪದಂತೆ ಗದ್ದೆಯಿಂದ ಗದ್ದೆಗೆ ನೀರು ಹಾಯಿಸಿದ ನೀರಗಂಟಿಗಳು ಯಾರೆಂಬುದನ್ನು ಯಾವ ಐತಿಹ್ಯವೂ ಹೇಳುವುದಿಲ್ಲ. ಕೆರೆಯೊಂದನ್ನು ಕಟ್ಟುವುದಕ್ಕೆ ಒಬ್ಬರ ಸಂಕಲ್ಪ ಸಾಕಾಗಬಹುದು. ಅದನ್ನು ತಲೆಮಾರುಗಳ ಕಾಲ ಉಳಿಸಿಕೊಳ್ಳಬೇಕಾದರೆ ಒಂದು ಸಮುದಾಯವೇ ಬೇಕು.

ಈ ಮಾತು ನೀರಿನ ಕೆರೆಗೆ ಹೇಗೋ ಜ್ಞಾನದ ಕೆರೆಗೂ ಹಾಗೆಯೇ ಅನ್ವಯಿಸುತ್ತದೆ. ಇಂದು ಜನರು ಒಂದೆಡೆ ಸೇರುವುದಕ್ಕೆ ಅರಳಿಕಟ್ಟೆ, ಚಾವಡಿ, ಗುಡಿಯ ಜಗಲಿಗಳಷ್ಟೇ ಇಲ್ಲ, ಅಂತರಜಾಲವೂ ಇದೆ. ಜಗಳೂರಿನಲ್ಲಿರುವವರು, ಬೆಂಗಳೂರಿನಲ್ಲಿರುವವರು, ಕಡಲಾಚೆಯ ದೇಶದಲ್ಲಿರುವವರು ಒಬ್ಬರ ಮುಖವನ್ನೊಬ್ಬರು ನೋಡದೆಯೇ ಒಂದು ಬಳಗವಾಗಿ ಕೆಲಸ ಮಾಡುವುದು ಸಾಧ್ಯವಾಗಿದೆ. ಆದರೆ ಜಾಲದಲ್ಲಿ ನೆರೆದ ಗುಂಪುಗಳೆಲ್ಲ ಸಮುದಾಯಗಳೇ? ಸಂತೆಯ ದಿನ ಹೊನ್ನಾಳಿಯಲ್ಲಿ ಸೇರುವವರೆಲ್ಲರೂ ಹೊನ್ನಾಳಿಯವರಾಗುವುದಿಲ್ಲ. ಕೊಳ್ಳುವವರು ಕೊಂಡು, ಮಾರುವವರು ಮಾರಿ, ಸಂಜೆಗೆ ತಂತಮ್ಮ ಹಾದಿ ಹಿಡಿಯುತ್ತಾರೆ. ಮರುದಿನ ಸಂತೆಮಾಳವನ್ನು ಗುಡಿಸುವವರು ಊರಿನವರು. ಸಾವಿರಾರು ಸದಸ್ಯರಿರುವ ಮೊಬೈಲಿನ ಗುಂಪಿನಲ್ಲಿ ಬಂದ ಸಂದೇಶವನ್ನು ಓದದೆಯೇ ಮತ್ತೊಬ್ಬರಿಗೆ ದಾಟಿಸುವವರು ಸಂತೆಗೆ ಬಂದವರು; ತಪ್ಪನ್ನು ಕಂಡು ತಿದ್ದುವವರು, ಹೊಸಬರನ್ನು ಕರೆದು ಕೂರಿಸುವವರು, ಕೆಟ್ಟದ್ದನ್ನು ಗುಡಿಸುವವರು ಊರಿನವರು. ಸಮುದಾಯವೊಂದು ಬೆಳೆದಿದೆಯೋ ಇಲ್ಲವೋ ಎಂಬುದನ್ನು ಸಂತೆಗೆ ಬಂದವರ ಲೆಕ್ಕದಿಂದ ಅಳೆಯದೆ ಊರಿನವರ ಲೆಕ್ಕದಿಂದ ಅಳೆಯುವುದೇ ಸರಿ. ಇದಕ್ಕೆ ಕನ್ನಡದಲ್ಲಿ ಒಳ್ಳೆಯ ನಿದರ್ಶನವೆಂದರೆ ಕನ್ನಡ ವಿಕಿಪೀಡಿಯ.

ಕನ್ನಡಿಗರಿಗೆ ವಿಶ್ವಕೋಶದ ಆಸೆ ಹೊಸದೇನಲ್ಲ. ಕೋಟ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನೂ ಮುಂದೆ ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ವನ್ನೂ ಏಕಾಂಗಿಯಾಗಿ ಬರೆದರು. ಒಬ್ಬ ಮನುಷ್ಯನ ಸಾಹಸಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಅನಂತರ ಮೈಸೂರು ವಿಶ್ವವಿದ್ಯಾನಿಲಯವು ವಿದ್ವಾಂಸರ ಪಡೆಯನ್ನೇ ಕೂಡಿಸಿ ಕನ್ನಡ ವಿಶ್ವಕೋಶವನ್ನು ಸಿದ್ಧಪಡಿಸಿತು. ದಶಕಗಳ ಶ್ರಮದ ಫಲವಾಗಿ ಅದು ಹದಿನಾಲ್ಕು ಸಂಪುಟಗಳಲ್ಲಿ ಹೊರಬಂದಿತು. ಮೊದಲನೆಯದು ವ್ಯಕ್ತಿಯ ಕೃತಿ, ಎರಡನೆಯದು ಸಂಸ್ಥೆಯ ಕೃತಿ. ಮೂರನೆಯ ಬಗೆಯದು, ಎಂದರೆ ಸಮುದಾಯದ ಕೃತಿ, ಹುಟ್ಟಬೇಕಾದರೆ ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ಬರೆಯಬಹುದಾದ ಒಂದು ಹಲಗೆ ಬೇಕಾಗಿತ್ತು. ವಾರ್ಡ್ ಕನಿಂಗ್‌ಹ್ಯಾಮ್ ಎಂಬ ಅಮೆರಿಕದ ತಂತ್ರಜ್ಞ 1995ರಲ್ಲಿ ಅಂಥ ಹಲಗೆಯೊಂದನ್ನು ರೂಪಿಸಿ, ಹವಾಯಿ ದ್ವೀಪಗಳ ಭಾಷೆಯಲ್ಲಿ ‘ಬೇಗ’ ಎಂಬ ಅರ್ಥವುಳ್ಳ ‘ವಿಕಿ’ ಎಂಬ ಹೆಸರನ್ನು ಅದಕ್ಕಿಟ್ಟನು. ಅದನ್ನು ಆಧಾರವಾಗಿ ಹಿಡಿದು 2001ರ ಜನವರಿಯಲ್ಲಿ ಇಂಗ್ಲಿಷಿನ ವಿಕಿಪೀಡಿಯ ಹುಟ್ಟಿತು. 2003ರ ಜೂನ್ ತಿಂಗಳಲ್ಲಿ ಕನ್ನಡದ ವಿಕಿಪೀಡಿಯವೂ ಕಣ್ತೆರೆಯಿತು.

ಅಂದಿನ ಪರಿಸ್ಥಿತಿಯನ್ನು ಇಂದಿನ ವಿದ್ಯಾರ್ಥಿಗಳು ಊಹಿಸಿಕೊಳ್ಳುವುದು ಕಷ್ಟ. ಗಣಕಯಂತ್ರದಲ್ಲಿ ಕನ್ನಡ ಮೂಡುವುದೇ ಒಂದು ಸಾಹಸವಾಗಿತ್ತು. ಒಂದು ಯಂತ್ರದಲ್ಲಿ ಒಂದು ಬಗೆಯ ಅಕ್ಷರವಿನ್ಯಾಸದಲ್ಲಿ ಬರೆದದ್ದು ಮತ್ತೊಂದು ಯಂತ್ರದಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತಿತ್ತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ, 1998ರಲ್ಲಿ ಬಂದ ‘ಬರಹ’ ತಂತ್ರಾಂಶ, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತಕ್ರಮವನ್ನು ಒದಗಿಸಿದ ಯೂನಿಕೋಡ್ ಇವೆಲ್ಲವೂ ಸೇರಿ ಹಾದಿಯನ್ನು ಹಸನುಮಾಡಿದವು. ಯು. ಬಿ. ಪವನಜ, ಹರಿಪ್ರಸಾದ್ ನಾಡಿಗ ಮೊದಲಾದವರು ಈ ವಿಶ್ವಕೋಶವನ್ನು ಬೆಳೆಸುವುದರಲ್ಲಿ ಕೈಜೋಡಿಸಿದರು. ಯಾರಿಗೂ ಸಂಬಳವಿರಲಿಲ್ಲ; ಬರೆದ ಲೇಖನದ ನೆತ್ತಿಯ ಮೇಲೆ ಲೇಖಕನ ಹೆಸರನ್ನು ಹಾಕುವ ಪದ್ಧತಿಯೂ ಇರಲಿಲ್ಲ. ಅಷ್ಟಾದರೂ ಲೇಖನಗಳು ಒಂದೊಂದಾಗಿ ಕೂಡುತ್ತ ಇಂದು ಮೂವತ್ತು ಸಾವಿರವನ್ನು ಮೀರಿವೆ.

ಈ ಕಾರ್ಯ ನಡೆಯುವ ರೀತಿಯನ್ನು ಸ್ವಲ್ಪ ಗಮನಿಸಬೇಕು. ಒಬ್ಬರು ಸಂತೇಬೆನ್ನೂರಿನ ಪುಷ್ಕರಿಣಿಯ ಬಗೆಗೆ ನಾಲ್ಕು ವಾಕ್ಯ ಬರೆಯುತ್ತಾರೆಂದು ಭಾವಿಸೋಣ. ಇಂಥ ಪುಟ್ಟ ಬರಹವನ್ನು ಕನ್ನಡ ವಿಕಿಪೀಡಿಯದವರು ‘ಚುಟುಕು’ ಎಂದು ಕರೆಯುತ್ತಾರೆ. ಚುಟುಕನ್ನು ಕಂಡ ಇನ್ನೊಬ್ಬರು ಅದರ ಕಾಗುಣಿತವನ್ನು ತಿದ್ದುತ್ತಾರೆ. ಮತ್ತೊಬ್ಬರು ನೀರಿನ ನಡುವೆ ನಿಂತ ಮಂಟಪದ ಚಿತ್ರವನ್ನು ತಾವೇ ತೆಗೆದು ಸೇರಿಸುತ್ತಾರೆ. ಇತಿಹಾಸ ಬಲ್ಲವರೊಬ್ಬರು ಅದನ್ನು ಕಟ್ಟಿಸಿದ ಪಾಳೆಯಗಾರರ ವಿಷಯವನ್ನು ಪುಸ್ತಕವೊಂದರ ಆಧಾರದೊಡನೆ ಬರೆಯುತ್ತಾರೆ. ಆಧಾರವಿಲ್ಲದ ಮಾತು ನುಸುಳಿದ್ದರೆ ಯಾರೋ ಅದನ್ನು ಪ್ರಶ್ನಿಸುತ್ತಾರೆ. ಪ್ರತಿಯೊಂದು ಲೇಖನದ ಹಿಂದೆಯೂ ಒಂದು ಚರ್ಚಾಪುಟವಿದೆ. ಯಾರು ಯಾವಾಗ ಏನನ್ನು ಬದಲಿಸಿದರೆಂಬ ಸಂಪೂರ್ಣ ದಾಖಲೆಯೂ ಇದೆ. ಎಲ್ಲರಿಗೂ ಸಂಬಂಧಿಸಿದ ವಿಷಯಗಳನ್ನು ಕುರಿತು ಮಾತನಾಡುವುದಕ್ಕೆ ಅಲ್ಲೊಂದು ಪ್ರತ್ಯೇಕ ಪುಟವುಂಟು. ಅದಕ್ಕೆ ಅವರಿಟ್ಟಿರುವ ಹೆಸರು ‘ಅರಳಿ ಕಟ್ಟೆ’. ಊರಿನ ಅರಳಿಕಟ್ಟೆಯಲ್ಲಿ ಹಿರಿಯರು ಕುಳಿತು ನ್ಯಾಯ ನೀತಿಗಳನ್ನು ಆಡಿದಂತೆ, ನಿಯಮವೊಂದು ಹೇಗಿರಬೇಕು, ಪರಿಭಾಷೆಯೊಂದನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು ಎಂಬ ಪ್ರಶ್ನೆಗಳು ಅಲ್ಲಿ ಇತ್ಯರ್ಥಕ್ಕೆ ಬರುತ್ತವೆ. ಕಾಣದ ಜನರ ನಡುವೆ ಬೆಳೆದ ಬಳಗಕ್ಕೆ ಕನ್ನಡಿಗರು ತಮ್ಮ ಊರಿನಿಂದಲೇ ಹೆಸರನ್ನು ಆರಿಸಿಕೊಂಡದ್ದು ಅರ್ಥಪೂರ್ಣವಾಗಿದೆ.

ಇಂಥ ಸಮುದಾಯ ಬೆಳೆಯುವುದು ಹೇಗೆ? ಬೇಗ ಬೆಳೆಸುವ ಪ್ರಯತ್ನಗಳು ನಡೆಯದೆ ಇಲ್ಲ. 2010ರ ಸುಮಾರಿಗೆ ಗೂಗಲ್ ಸಂಸ್ಥೆಯು ತನ್ನ ಅನುವಾದದ ಸಲಕರಣೆಯ ನೆರವಿನಿಂದ, ಹಣ ಪಡೆದು ಕೆಲಸ ಮಾಡುವ ಅನುವಾದಕರ ಮೂಲಕ, ಕನ್ನಡವೂ ಸೇರಿದಂತೆ ಕೆಲವು ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ ಇಂಗ್ಲಿಷಿನ ಉದ್ದುದ್ದ ಲೇಖನಗಳನ್ನು ತಂದು ಸುರಿಯಿತು. ಪುಟಗಳ ಸಂಖ್ಯೆ ಏರಿತು. ಆದರೆ ಆ ಬರಹಗಳಲ್ಲಿ ಹಲವು ಕನ್ನಡದ ಪದಗಳಿಂದ ಕೂಡಿದ್ದರೂ ಕನ್ನಡವಾಗಿರಲಿಲ್ಲ. ಬಂಗಾಳಿ ಸಮುದಾಯವು ಇಂಥ ಲೇಖನಗಳನ್ನು ಒಪ್ಪದೆ ನಿರಾಕರಿಸಿತು. ತಮಿಳಿನವರು ಅವುಗಳ ಗುಣಮಟ್ಟವನ್ನು ಬಹಿರಂಗವಾಗಿ ವಿಮರ್ಶಿಸಿದರು. ಬರೆದವರು ತಮ್ಮ ಕೆಲಸ ಮುಗಿಸಿ ಹೊರಟುಹೋದ ಮೇಲೆ ಆ ಪುಟಗಳನ್ನು ನೋಡಿಕೊಳ್ಳುವ ಹೊಣೆ ಸ್ಥಳೀಯ ಸಂಪಾದಕರ ಹೆಗಲಿಗೆ ಬಿದ್ದಿತು. ಹೊರಗಿನಿಂದ ಬಂದ ಪ್ರವಾಹದಿಂದ ಕೆರೆ ಒಂದೇ ರಾತ್ರಿಯಲ್ಲಿ ತುಂಬಬಹುದು. ಅದರೊಡನೆ ಬಂದ ಹೂಳನ್ನು ಎತ್ತುವವರು ಊರಿನವರೇ ಆಗಬೇಕಲ್ಲವೆ?

ಇದಕ್ಕೆ ವಿರುದ್ಧವಾದ ಉದಾಹರಣೆಯನ್ನು ಕರಾವಳಿಯ ತುಳುವರು ತೋರಿಸಿಕೊಟ್ಟಿದ್ದಾರೆ. ತುಳುವಿನ ವಿಕಿಪೀಡಿಯಕ್ಕಾಗಿ 2008ರಲ್ಲಿ ಪ್ರಯೋಗರೂಪದ ಕೆಲಸ ಆರಂಭವಾಯಿತು. ತಿಂಗಳು ತಿಂಗಳೂ ತಪ್ಪದೆ ಬರೆಯುವ ಒಂದು ಬಳಗವಿದೆಯೆಂದು ಖಚಿತವಾಗುವ ತನಕ ಹೊಸ ಭಾಷೆಗೆ ಸ್ವತಂತ್ರ ಸ್ಥಾನ ಕೊಡುವುದಿಲ್ಲವೆಂಬುದು ವಿಕಿಪೀಡಿಯದ ನಿಯಮ. ತುಳುವರು ಎಂಟು ವರ್ಷ ಕಾದರು. ನಡುನಡುವೆ ಕೆಲಸ ಕುಂಟಿದರೂ ಕೈಬಿಡಲಿಲ್ಲ. ಕೊನೆಗೆ 2016ರ ಆಗಸ್ಟ್ ತಿಂಗಳಲ್ಲಿ ತುಳು ವಿಕಿಪೀಡಿಯ ತನ್ನ ಕಾಲ ಮೇಲೆ ನಿಂತಿತು. ಪುಟಗಳ ರಾಶಿಗಿಂತ ಜನರ ನಿಯತವಾದ ದುಡಿಮೆಗೆ ಬೆಲೆ ಕೊಡುವ ಈ ನಿಯಮ ಕಠಿನವೆಂದು ಮೇಲುನೋಟಕ್ಕೆ ತೋರಿದರೂ ಅದರ ಹಿಂದೆ ಅನುಭವದ ವಿವೇಕವಿದೆ.

ಮುಚ್ಚಿಟ್ಟ ಸಂಪತ್ತನ್ನು ಹಂಚಿಕೊಳ್ಳುವ ಔದಾರ್ಯದಿಂದಲೂ ಸಮುದಾಯ ಬೆಳೆಯುತ್ತದೆ. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಕನ್ನಡ ವಿಶ್ವಕೋಶದ ಸಂಪುಟಗಳನ್ನು ಎಲ್ಲರೂ ಮುಕ್ತವಾಗಿ ಬಳಸಿಕೊಳ್ಳಲು ಅನುಮತಿ ನೀಡಿತು. ಅದೇ ವರ್ಷ ಕಾದಂಬರಿಕಾರ ನಿರಂಜನರ ಕುಟುಂಬದವರು ಅವರ ಕೃತಿಗಳನ್ನು ಮುಕ್ತ ಪರವಾನಗಿಯಡಿ ನಾಡಿಗೆ ಅರ್ಪಿಸಿದರು. ಹನ್ನೆರಡನೆಯ ಶತಮಾನದಿಂದ ಹರಿದುಬಂದ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಹುಡುಕಿ ಓದಲು ಅನುಕೂಲವಾಗುವಂತೆ ‘ವಚನ ಸಂಚಯ’ವೆಂಬ ಯೋಜನೆ ಸ್ವಯಂಸೇವಕರ ದುಡಿಮೆಯಿಂದ ಸಿದ್ಧವಾಯಿತು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆಯ ಸತ್ಯ ಇಲ್ಲಿ ಎದ್ದು ಕಾಣುತ್ತದೆ.

ಕಾಲೇಜುಗಳೂ ಈ ಕಾರ್ಯದಲ್ಲಿ ಪಾಲುಗೊಂಡಿವೆ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾನಿಲಯ, ಮೂಡುಬಿದಿರೆಯ ಆಳ್ವಾಸ್ ಕಾಲೇಜು ಮೊದಲಾದೆಡೆಗಳಲ್ಲಿ ವಿದ್ಯಾರ್ಥಿಗಳು ಕನ್ನಡ ವಿಕಿಪೀಡಿಯಕ್ಕೆ ಲೇಖನಗಳನ್ನು ಬರೆದಿದ್ದಾರೆ. ಒಂದೆಡೆ ಕೂತು ಬರೆಯುವ ‘ಸಂಪಾದನೋತ್ಸವ’ಗಳೂ ನಡೆದಿವೆ. ಇವು ಸ್ವಾಗತಾರ್ಹವೇ ಸರಿ. ಆದರೆ ಅಂಕಕ್ಕಾಗಿಯೇ ಬರೆದವನು ಅಂಕ ಬಂದ ಮೇಲೆ ಲೇಖನಿಯನ್ನು ಕೆಳಗಿಡುವುದು ಸಹಜ. ನೂರು ಮಂದಿ ವಿದ್ಯಾರ್ಥಿಗಳು ಒಂದು ದಿನ ಬರೆಯುವುದಕ್ಕಿಂತ ಅವರಲ್ಲಿ ಇಬ್ಬರು ವರ್ಷವಿಡೀ ಬರೆಯುವುದು ಮೇಲು. ಆ ಇಬ್ಬರು ಉಳಿಯಬೇಕಾದರೆ ಅವರ ಮೊದಲ ತಪ್ಪಿಗೆ ಸಿಗುವ ಪ್ರತಿಕ್ರಿಯೆ ಬಹು ಮುಖ್ಯ. ಹೊಸಬರು ಬರೆದದ್ದನ್ನು ಕಾರಣ ಹೇಳದೆ ಅಳಿಸಿದರೆ ಅವರು ಮತ್ತೆ ಇತ್ತ ತಲೆಹಾಕಲಾರರು. ‘ಈ ಮಾತಿಗೆ ಆಧಾರ ಬೇಕು, ಇಂಥ ಪುಸ್ತಕದಲ್ಲಿ ನೋಡಿ’ ಎಂದು ತಿಳಿಯಹೇಳಿದರೆ ಅವರೇ ನಾಳೆ ಇನ್ನೊಬ್ಬರಿಗೆ ದಾರಿ ತೋರಿಸಬಲ್ಲರು. ಉಳುಮೆ ಕಲಿಯುವ ಹುಡುಗನ ಮೊದಲ ಸಾಲು ಸೊಟ್ಟಗಿದ್ದ ಮಾತ್ರಕ್ಕೆ ಯಾವ ರೈತನೂ ಅವನ ಕೈಯಿಂದ ಮೇಳಿಯನ್ನು ಕಿತ್ತುಕೊಳ್ಳುವುದಿಲ್ಲ.

ಯಾರು ಬೇಕಾದರೂ ಬರೆಯಬಹುದಾದರೆ ಅದನ್ನು ನಂಬುವುದು ಹೇಗೆಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಯೋಗ್ಯವಾದುದು. ತಿದ್ದುವ ಕಣ್ಣುಗಳು ಹೆಚ್ಚಿದಷ್ಟೂ ತಪ್ಪಿನ ಆಯುಷ್ಯ ಕಡಿಮೆ. ಕಣ್ಣುಗಳು ಕಡಿಮೆಯಾದಷ್ಟೂ ತಪ್ಪು ಬಹುಕಾಲ ಬಾಳುತ್ತದೆ. 2011ರ ಜನಗಣತಿಯ ಪ್ರಕಾರ ಕನ್ನಡವನ್ನು ಮಾತೃಭಾಷೆಯಾಗಿ ಉಳ್ಳವರು ನಾಲ್ಕು ಕೋಟಿಗೂ ಹೆಚ್ಚು. ಕನ್ನಡ ವಿಕಿಪೀಡಿಯಕ್ಕೆ ಎಡೆಬಿಡದೆ ಬರೆಯುವವರಾದರೋ ಒಂದು ಸಣ್ಣ ಹಳ್ಳಿಯ ಜಾತ್ರೆಗೆ ಸೇರುವ ಜನಕ್ಕಿಂತಲೂ ಕಡಿಮೆ. ಆದ್ದರಿಂದ ಅದರಲ್ಲಿರುವುದನ್ನೆಲ್ಲ ಕಣ್ಣುಮುಚ್ಚಿ ನಂಬಬಾರದು. ಕೊಟ್ಟ ಆಧಾರವನ್ನು ಪರೀಕ್ಷಿಸುವ ಅಭ್ಯಾಸ ಓದುಗನಿಗೆ ಇರಬೇಕು. ಆದರೆ ತಪ್ಪಿದೆಯೆಂದು ದೂರ ನಿಂತು ಹಳಿಯುವುದು, ಏರಿ ಸೋರುತ್ತಿದೆಯೆಂದು ಕಂಡೂ ಕಟ್ಟೆಯ ಮೇಲೆ ಕುಳಿತು ಮಾತಾಡಿದಂತೆ. ಕಂಡ ತಪ್ಪನ್ನು ಆ ಕ್ಷಣದಲ್ಲೇ ತಿದ್ದುವ ಅಧಿಕಾರ ಓದುಗನಿಗೆ ಇರುವುದೇ ಇಂಥ ವಿಶ್ವಕೋಶದ ವೈಶಿಷ್ಟ್ಯ. ಅಚ್ಚಾದ ಗ್ರಂಥದಲ್ಲಿ ಈ ಅವಕಾಶವಿಲ್ಲ.

ಈ ಅವಕಾಶದ ಬೆಲೆಯನ್ನು ದಾವಣಗೆರೆ ಸೀಮೆಯವರು ಚೆನ್ನಾಗಿ ಅರಿಯಬಲ್ಲರು. 1997ಕ್ಕೆ ಮೊದಲು ಅಚ್ಚಾದ ಗ್ರಂಥಗಳಲ್ಲಿ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಲ್ಲಿವೆ. ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿದೆ. ಆ ವರ್ಷದ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟಿದಾಗ ಇವು ಹೊಸ ಜಿಲ್ಲೆಗೆ ಸೇರಿದವು. ನ್ಯಾಮತಿಯಂತೂ ಹೊನ್ನಾಳಿ ತಾಲ್ಲೂಕಿನ ಒಂದು ಹೋಬಳಿಯಾಗಿತ್ತು. 2017ರ ರಾಜ್ಯದ ಮುಂಗಡಪತ್ರದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳ ಸಾಲಿನಲ್ಲಿ ಅದಕ್ಕೂ ಸ್ಥಾನ ದೊರೆಯಿತು. ಅಚ್ಚಿನ ಪುಸ್ತಕ ಹಳೆಯ ಮಾತನ್ನೇ ಹೇಳುತ್ತಿರುತ್ತದೆ. ಜಾಲದ ವಿಶ್ವಕೋಶವನ್ನು ಕಾಲಕ್ಕೆ ತಕ್ಕಂತೆ ಬದಲಿಸಬಹುದು. ಆದರೆ ಅದೂ ತಾನಾಗಿಯೇ ಬದಲಾಗದು. ಆ ಊರನ್ನು ಬಲ್ಲವರು ಯಾರಾದರೂ ಕೈಹಾಕಬೇಕು.

ಬರೆಯಲು ಇಲ್ಲಿ ಏನಿದೆಯೆಂದು ಕೇಳುವಂತಿಲ್ಲ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡಿನಲ್ಲಿ ನಾಲ್ಕು ಕೊಂಬುಗಳುಳ್ಳ ಕೊಂಡುಕುರಿಯೆಂಬ ಅಪರೂಪದ ಪ್ರಾಣಿಯಿದೆ. 2011ರಲ್ಲಿ ಅದಕ್ಕಾಗಿಯೇ ಅಲ್ಲೊಂದು ವನ್ಯಧಾಮ ಘೋಷಿತವಾಯಿತು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರ ಜನಾಂಗದವರಿಗೆ ಪವಿತ್ರ ಕ್ಷೇತ್ರ. ಹೊನ್ನಾಳಿಯ ಮಗ್ಗುಲಲ್ಲಿ ತುಂಗಭದ್ರೆ ಹರಿಯುತ್ತಾಳೆ. ಚನ್ನಗಿರಿಯ ಅಡಕೆ ತೋಟಗಳಲ್ಲಿ ಕೊಯ್ಲು, ಸುಲಿತ, ಬೇಯಿಸುವಿಕೆ ಇವುಗಳಿಗೆಲ್ಲ ಅಲ್ಲಿನವರದೇ ಆದ ಪದಸಂಪತ್ತಿದೆ. ಈ ತಾಲ್ಲೂಕುಗಳ ಹಳ್ಳಿಹಳ್ಳಿಗಳಲ್ಲಿ ನಿಂತಿರುವ ಶಾಸನಗಳನ್ನು ಬಿ. ಎಲ್. ರೈಸ್ ಅವರು ನೂರಿಪ್ಪತ್ತು ವರ್ಷಗಳ ಹಿಂದೆಯೇ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ಪ್ರಕಟಿಸಿದ್ದಾರೆ: 1902ರ ಏಳನೆಯ ಸಂಪುಟದಲ್ಲಿ ಚನ್ನಗಿರಿ ಹೊನ್ನಾಳಿಗಳವು, 1903ರ ಹನ್ನೊಂದನೆಯ ಸಂಪುಟದಲ್ಲಿ ಜಗಳೂರಿನವು. ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರಿನಲ್ಲಿ 1931ರಲ್ಲಿ ಹುಟ್ಟಿದ ಎಂ. ಚಿದಾನಂದಮೂರ್ತಿಯವರು ಅಂಥ ಶಾಸನಗಳ ಅಧ್ಯಯನದಿಂದಲೇ ಕನ್ನಡ ನಾಡಿನ ಜನಜೀವನದ ಚಿತ್ರವನ್ನು ಕಟ್ಟಿಕೊಟ್ಟರು. ಆಧಾರಗಳು ಇವೆ, ವಿಷಯಗಳು ಇವೆ. ಬೇಕಾದುದು ಅವೆರಡನ್ನೂ ಜೋಡಿಸುವ ಕೈಗಳು.

ಆ ಕೈಗಳು ಮುಂದೆ ಬಾರದಿದ್ದರೆ ನಷ್ಟವೇನು? ಇಂದು ಮನುಷ್ಯನ ಪ್ರಶ್ನೆಗೆ ಮಾತಿನಲ್ಲೇ ಉತ್ತರ ಕೊಡುವ ಯಂತ್ರಗಳು ಬಂದಿವೆ. ಅವು ಕಲಿಯುವುದು ಅಂತರಜಾಲದಲ್ಲಿರುವ ಬರಹಗಳಿಂದ. ವಿಕಿಪೀಡಿಯವೂ ಅವುಗಳಿಗೆ ಪಾಠಪುಸ್ತಕ. ಯಾವ ಭಾಷೆಯಲ್ಲಿ ಬರಹ ಹೇರಳವಾಗಿದೆಯೋ ಆ ಭಾಷೆಯನ್ನು ಅವು ಚೆನ್ನಾಗಿ ಆಡುತ್ತವೆ. ಯಾವ ಊರಿನ ವಿಷಯ ಎಲ್ಲಿಯೂ ಬರೆದಿಲ್ಲವೋ ಆ ಊರಿನ ಬಗೆಗೆ ಅವು ಮೌನವಾಗಿರುತ್ತವೆ, ಇಲ್ಲವೆ ತಪ್ಪು ಹೇಳುತ್ತವೆ. ಜಗಳೂರಿನ ಬಾಲಕಿಯೊಬ್ಬಳು ತನ್ನೂರಿನ ಕೊಂಡುಕುರಿಯ ವಿಷಯವನ್ನು ತನ್ನ ಭಾಷೆಯಲ್ಲಿ ಕೇಳಿದಾಗ ಸರಿಯಾದ ಉತ್ತರ ಸಿಗಬೇಕಾದರೆ, ಆ ಉತ್ತರವನ್ನು ಅವಳಿಗಿಂತ ಮೊದಲು ಯಾರೋ ಒಬ್ಬರು ಕನ್ನಡದಲ್ಲಿ ಬರೆದಿಟ್ಟಿರಬೇಕು. ಭಾಷೆ ಮನೆಮಾತಾಗಿ ಉಳಿದರಷ್ಟೇ ಸಾಲದು. ಜ್ಞಾನದ ಮಾತಾಗಿಯೂ ಉಳಿಯಬೇಕು. ಅಡುಗೆಮನೆಯಲ್ಲಿ ಕನ್ನಡ, ಅರಿವಿನ ಮನೆಯಲ್ಲಿ ಪರಭಾಷೆ ಎಂಬ ಪರಿಸ್ಥಿತಿ ಬಂದರೆ ಅದಕ್ಕೆ ಪರರನ್ನು ದೂಷಿಸಿ ಫಲವಿಲ್ಲ.

ಈ ಕೆಲಸಕ್ಕೆ ದೊಡ್ಡ ಪಾಂಡಿತ್ಯ ಬೇಕೆಂದು ಹಿಂಜರಿಯಬೇಕಾಗಿಲ್ಲ. ಸ್ವಂತ ಊರಿನ ಒಂದು ಚಿತ್ರ, ತಪ್ಪಾದ ಒಂದು ಕಾಗುಣಿತ, ಶಾಲೆಯ ಗ್ರಂಥಾಲಯದ ಪುಸ್ತಕದಲ್ಲಿ ಕಂಡ ಒಂದು ಆಧಾರ ಇಷ್ಟರಿಂದಲೇ ತೊಡಗಬಹುದು. ಕೇಳಿದ್ದನ್ನೆಲ್ಲ ಬರೆಯದೆ ಪರೀಕ್ಷಿಸಿದ್ದನ್ನು ಬರೆಯುವ ಸಂಯಮ, ತನ್ನ ವಾಕ್ಯವನ್ನು ಇನ್ನೊಬ್ಬರು ತಿದ್ದಿದಾಗ ಮುನಿಯದಿರುವ ಸಹನೆ, ಪರರ ವಾಕ್ಯವನ್ನು ತಿದ್ದುವಾಗ ಅವರನ್ನು ನೋಯಿಸದಿರುವ ಸೌಜನ್ಯ ಈ ಮೂರು ಗುಣಗಳಿದ್ದರೆ ಹದಿನಾಲ್ಕು ವಯಸ್ಸಿನವರೂ ಈ ಬಳಗದಲ್ಲಿ ಹಿರಿಯರ ಸಮಕ್ಕೆ ನಿಲ್ಲಬಲ್ಲರು. ಅಲ್ಲಿ ವಯಸ್ಸನ್ನಾಗಲಿ ಪದವಿಯನ್ನಾಗಲಿ ಯಾರೂ ಕೇಳುವುದಿಲ್ಲ. ಬರೆದ ಮಾತು ನಿಜವೇ, ಅದಕ್ಕೆ ಆಧಾರವೇನು ಎಂದಷ್ಟೇ ಕೇಳುತ್ತಾರೆ. ಜಾಲದೊಳಗಿನ ಈ ಅರಳಿಕಟ್ಟೆಯಲ್ಲಿ ಇನ್ನೂ ಬೇಕಾದಷ್ಟು ಜಾಗ ತೆರವಾಗಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಶಾಲೆಗಳಿಂದ ಒಬ್ಬೊಬ್ಬರಾದರೂ ಬಂದು ಅಲ್ಲಿ ಕುಳಿತರೆ ಕನ್ನಡದ ಬಳಗ ಅಷ್ಟರಮಟ್ಟಿಗೆ ದೊಡ್ಡದಾಗುತ್ತದೆ.